ಉದುರಿದ ಎಲೆಗೆ ಊರಿನಲ್ಲಿ ಜಾಗವೆಲ್ಲಿ?
ಕಸ ಮತ್ತು ಗೊಬ್ಬರದ ಒಂದು ಚರಿತ್ರೆ



ಶಿವರಾತ್ರಿಯ ಆಸುಪಾಸಿನಲ್ಲಿ ಬೆಂಗಳೂರಿನ ಹಳೆಯ ಬಡಾವಣೆಗಳ ರಸ್ತೆಗಳನ್ನು ಗಮನಿಸಿ ನೋಡಿ. ಹೊಂಗೆ, ಅರಳಿ, ಮಳೆಮರಗಳು ಎಲೆ ಉದುರಿಸುವ ಕಾಲ ಅದು. ಬೆಳಗಾಗುವುದರೊಳಗೆ ಅಂಗಳದ ತುಂಬ ತರಗೆಲೆ ಬಿದ್ದಿರುತ್ತದೆ. ಅದನ್ನು ಗುಡಿಸಿ ಕಾಂಪೌಂಡಿನ ಹೊರಗೆ ಒಂದು ಮೂಲೆಗೆ ತಳ್ಳುತ್ತಾರೆ. ಒಂದೆರಡು ದಿನಗಳಲ್ಲಿ ಆ ರಾಶಿಯ ಮೇಲೆ ಯಾರೋ ಪ್ಲಾಸ್ಟಿಕ್ ಚೀಲವೊಂದನ್ನು ಎಸೆಯುತ್ತಾರೆ. ಮೂರನೆಯ ದಿನ ಯಾರೋ ಕಡ್ಡಿ ಗೀರುತ್ತಾರೆ. ಬೀದಿಯ ತುಂಬ ಹೊಗೆ.

ಈ ಎಲೆ ಕಸವೇ? ನಿಮ್ಮ ಅಜ್ಜ ಹಳ್ಳಿಯವರಾಗಿದ್ದರೆ ಅವರನ್ನು ಕೇಳಿ. "ಅದು ಕಸವಲ್ಲಪ್ಪ, ಗೊಬ್ಬರ" ಎಂದೇ ಹೇಳುತ್ತಾರೆ. ಹಾಗಾದರೆ ಹಳ್ಳಿಯಲ್ಲಿ ಗೊಬ್ಬರವಾಗಿದ್ದದ್ದು ಪಟ್ಟಣಕ್ಕೆ ಬಂದೊಡನೆ ಕಸವಾದದ್ದು ಹೇಗೆ? ಇದರ ಹಿಂದೆ ಒಂದು ದೀರ್ಘ ಚರಿತ್ರೆಯಿದೆ. ಚರಿತ್ರೆಯೆಂದರೆ ಅರಸರ ಪಟ್ಟಾಭಿಷೇಕ, ಯುದ್ಧ, ಒಪ್ಪಂದಗಳಷ್ಟೇ ಎಂದು ನಾವು ತಿಳಿಯುವುದುಂಟು. ತಿಪ್ಪೆಗೂ ಚರಿತ್ರೆಯಿದೆ. ಆ ಚರಿತ್ರೆಯಲ್ಲಿ ನಮ್ಮ ಬೆಂಗಳೂರಿನ ಹೆಸರು ಜಗತ್ತಿನ ಪಠ್ಯಪುಸ್ತಕಗಳಲ್ಲಿ ಸೇರಿಹೋಗಿದೆ ಎಂಬುದು ನಿಮ್ಮಲ್ಲಿ ಅನೇಕರಿಗೆ ಗೊತ್ತಿರಲಾರದು.

ತಿಪ್ಪೆಗುಂಡಿಯಿಂದ ಸೊಪ್ಪಿನ ಬೆಟ್ಟದವರೆಗೆ

ಬೀದಿಯಲ್ಲಿ ಕಸ ಎಸೆಯಬಾರದೆಂಬ ಕಟ್ಟಳೆ ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ರಸ್ತೆಗೆ ಕೊಳೆ ಎಸೆದವನಿಗೆ ಎಂಟನೆಯ ಒಂದು ಪಣದಷ್ಟು ದಂಡ ವಿಧಿಸಲಾಗಿದೆ. ರಾಜಮಾರ್ಗದಲ್ಲಿ ಎಸೆದರೆ ದಂಡ ಇಮ್ಮಡಿ. ಅಂದರೆ ಊರು ಬೆಳೆದ ಕಡೆಯಲ್ಲೆಲ್ಲ ಈ ಸಮಸ್ಯೆಯೂ ಬೆಳೆದಿತ್ತು.

ಆದರೆ ಹಳ್ಳಿಯ ಬದುಕಿನ ಲೆಕ್ಕವೇ ಬೇರೆ. ಮನೆಯ ಹಿಂದೆ ತಿಪ್ಪೆಗುಂಡಿ. ಕೊಟ್ಟಿಗೆಯ ಸಗಣಿ, ದನ ತಿಂದುಳಿದ ಹುಲ್ಲು, ಒಲೆಯ ಬೂದಿ, ಅಂಗಳ ಗುಡಿಸಿದ ಎಲೆ, ಎಲ್ಲವೂ ಅಲ್ಲಿಗೇ. ಮುಂಗಾರಿಗೆ ಮುಂಚೆ ಗಾಡಿಗೆ ತುಂಬಿ ಹೊಲಕ್ಕೆ ಹೊಡೆದರೆ ಆ ವರ್ಷದ ಗೊಬ್ಬರ ಮುಗಿಯಿತು. ಮಲೆನಾಡಿನಲ್ಲಿ ಎಲೆಗೆ ಇನ್ನೂ ಹೆಚ್ಚಿನ ಮರ್ಯಾದೆ. ಸಿರಸಿ, ಸಿದ್ದಾಪುರದ ಕಡೆಯ ಅಡಕೆ ತೋಟಗಳಿಗೆ ಸೊಪ್ಪಿನ ಬೆಟ್ಟಗಳೇ ಆಧಾರ. ಹಸಿ ಸೊಪ್ಪನ್ನೂ ಉದುರಿದ ಎಲೆಯನ್ನೂ ಅಲ್ಲಿಂದ ತಂದು ಕೊಟ್ಟಿಗೆಯಲ್ಲಿ ಹಾಸುತ್ತಾರೆ. ದನಗಳ ಕಾಲ್ತುಳಿತಕ್ಕೆ ಸಿಕ್ಕಿ, ಸಗಣಿ, ಗಂಜಲ ಹೀರಿಕೊಂಡು ಅದು ಗೊಬ್ಬರವಾಗುತ್ತದೆ. ಈ ಬೆಟ್ಟಗಳಿಂದ ಸೊಪ್ಪು ತರುವ ಹಕ್ಕನ್ನು ಬ್ರಿಟಿಷ್ ಸರ್ಕಾರವೂ ಒಪ್ಪಿ ದಾಖಲಿಸಬೇಕಾಯಿತು. ಒಂದು ಎಲೆಗಾಗಿ ಕಾನೂನು, ಕಾಗದ, ತಕರಾರು! ಅಷ್ಟು ಬೆಲೆಯಿತ್ತು ಅದಕ್ಕೆ.

ಇಂದೂರಿನ ಗುಂಡಿ

ಈ ರೈತರ ತಿಳುವಳಿಕೆಯನ್ನು ಪ್ರಯೋಗಕ್ಕೆ ಒಡ್ಡಿ, ಅಳತೆ ಲೆಕ್ಕಗಳೊಡನೆ ಬರೆದಿಟ್ಟವರು ಆಲ್ಬರ್ಟ್ ಹೋವರ್ಡ್ ಎಂಬ ಇಂಗ್ಲಿಷ್ ಸಸ್ಯವಿಜ್ಞಾನಿ. 1905ರಲ್ಲಿ ಅವರು ಬಿಹಾರದ ಪೂಸಾ ಸಂಶೋಧನಾ ಕೇಂದ್ರಕ್ಕೆ ಬಂದರು. ಭಾರತದ ಬೇಸಾಯಗಾರರಿಗೆ ಪಾಠ ಹೇಳಲು ಬಂದವರು ಕ್ರಮೇಣ ಅವರಿಂದಲೇ ಪಾಠ ಕಲಿಯತೊಡಗಿದರು. ರೈತರನ್ನೂ ಬೆಳೆಗೆ ಬೀಳುವ ಕೀಟಗಳನ್ನೂ ತಮ್ಮ ಗುರುಗಳೆಂದು ಅವರು ಮುಂದೆ ಹೇಳಿಕೊಂಡದ್ದುಂಟು. 1924ರಲ್ಲಿ ಇಂದೂರಿನಲ್ಲಿ ಸಸ್ಯೋದ್ಯಮ ಸಂಸ್ಥೆ ಆರಂಭವಾದಾಗ ಅದರ ನಿರ್ದೇಶಕರಾದರು. ಚೀನಾದ ರೈತರು ನೂರಾರು ವರ್ಷಗಳಿಂದ ಮಣ್ಣಿನ ಸಾರ ಉಳಿಸಿಕೊಂಡು ಬಂದ ರೀತಿಯನ್ನು ಅಮೆರಿಕದ ಎಫ್. ಎಚ್. ಕಿಂಗ್ 1911ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ವಿವರಿಸಿದ್ದರು. ಆ ಪುಸ್ತಕವೂ ಹೋವರ್ಡ್ ಅವರ ಮೇಲೆ ಪ್ರಭಾವ ಬೀರಿತ್ತು.

ಇಂದೂರಿನಲ್ಲಿ ಅವರು ಮಾಡಿದ್ದೇನು? ಆಳವಲ್ಲದ ಗುಂಡಿ ತೋಡಿದರು. ಒಣ ಎಲೆ, ಕಡ್ಡಿ, ಕಳೆಗಳ ಪದರ. ಅದರ ಮೇಲೆ ಸಗಣಿ. ಅದರ ಮೇಲೆ ಗಂಜಲ ಹೀರಿದ ಮಣ್ಣು ಮತ್ತು ಕಟ್ಟಿಗೆಯ ಬೂದಿ. ಹೀಗೆ ಪದರದ ಮೇಲೆ ಪದರ. ಹದವಾಗಿ ನೀರು ಚಿಮುಕಿಸಿ, ಮೂರು ಸಲ ಮಗುಚಿ ಹಾಕಿದರೆ ಸುಮಾರು ಮೂರು ತಿಂಗಳಲ್ಲಿ ಗೊಬ್ಬರ ಸಿದ್ಧ. ಮಗುಚುವುದೇಕೆ? ಒಳಗಿನ ಸೂಕ್ಷ್ಮಜೀವಿಗಳಿಗೆ ಗಾಳಿ ಬೇಕು. ಗಾಳಿ ಸಿಕ್ಕರೆ ಅವು ಚುರುಕಾಗಿ ಕೆಲಸ ಮಾಡುತ್ತವೆ, ರಾಶಿ ಕಾಯುತ್ತದೆ. ಆ ಶಾಖಕ್ಕೆ ಕಳೆಯ ಬೀಜ, ರೋಗಾಣುಗಳು ಸಾಯುತ್ತವೆ.

ಸಹೋದ್ಯೋಗಿ ಯಶವಂತ ವಾಡ್ ಅವರೊಡನೆ ಸೇರಿ ಹೋವರ್ಡ್ 1931ರಲ್ಲಿ ಈ ಪದ್ಧತಿಯನ್ನು ಪುಸ್ತಕವಾಗಿ ಪ್ರಕಟಿಸಿದರು. ಪದ್ಧತಿಗೆ ತಮ್ಮ ಹೆಸರಿಡದೆ ಊರಿನ ಹೆಸರಿಟ್ಟರು. ಅದೇ "ಇಂದೂರು ಪದ್ಧತಿ". ಇಂದು ಜಗತ್ತಿನಾದ್ಯಂತ ನಡೆಯುತ್ತಿರುವ ಸಾವಯವ ಕೃಷಿ ಚಳವಳಿಯ ಮೂಲಗಳಲ್ಲಿ ಇದೂ ಒಂದು.

ಬೆಂಗಳೂರು ಪದ್ಧತಿ

ಇಂದೂರು ಪದ್ಧತಿ ರೈತನಿಗೆ ಹೇಳಿ ಮಾಡಿಸಿದ್ದು. ಆದರೆ ಪಟ್ಟಣಕ್ಕೆ? ಪಟ್ಟಣದ ಕಸದ ರಾಶಿ ದೊಡ್ಡದು, ಸಗಣಿ ಕಡಿಮೆ, ಮಗುಚಲು ಆಳುಗಳ ಖರ್ಚು ಹೆಚ್ಚು. ಮೇಲಾಗಿ ಅಂದಿನ ಊರುಗಳಲ್ಲಿ ಒಳಚರಂಡಿ ಇದ್ದದ್ದು ಅಪರೂಪ. ಮನೆ ಮನೆಯ ಕಕ್ಕಸಿನಿಂದ ಮಲವನ್ನು ದಿನವೂ ತೆಗೆದು ಊರಾಚೆ ಸಾಗಿಸಬೇಕಾಗಿತ್ತು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಡಿದ ಮೇಲೆ ಊರಿನ ಕೊಳೆ ಬರಿಯ ಅಸಹ್ಯದ ವಿಷಯವಾಗಿ ಉಳಿಯಲಿಲ್ಲ, ಜೀವನ್ಮರಣದ ಪ್ರಶ್ನೆಯಾಯಿತು.

ಈ ಪ್ರಶ್ನೆಯನ್ನು ಪ್ರಯೋಗಶಾಲೆಗೆ ಎತ್ತಿಕೊಂಡದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಜನರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್. ಮ್ಯಾಂಚೆಸ್ಟರಿನಲ್ಲಿ ಚರಂಡಿ ನೀರಿನ ಶುದ್ಧೀಕರಣದ ಮೇಲೆ ಕೆಲಸ ಮಾಡಿದ್ದ ಗಿಲ್ಬರ್ಟ್ ಫೌಲರ್ 1916ರಲ್ಲಿ ಇಲ್ಲಿಗೆ ಪ್ರಾಧ್ಯಾಪಕರಾಗಿ ಬಂದರು. ಹಾಲಿಗೆ ಹೆಪ್ಪು ಹಾಕುವಂತೆ, ಅರ್ಧ ಕಳಿತ ಗೊಬ್ಬರವನ್ನು ಹೊಸ ಕಸಕ್ಕೆ ಬೆರೆಸಿದರೆ ಕೊಳೆಯುವಿಕೆ ಬೇಗ ಶುರುವಾಗುತ್ತದೆ ಎಂಬುದರ ಮೇಲೆ ಅವರ ಕಾಲದಲ್ಲಿ ಪ್ರಯೋಗಗಳು ನಡೆದವು. ಮುಂದೆ ಇದೇ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯ ಎಂಬ ಜೀವರಸಾಯನ ವಿಜ್ಞಾನಿ ಪಟ್ಟಣಗಳಿಗೆ ಹೊಂದುವ ಒಂದು ಸರಳ ವಿಧಾನವನ್ನು ರೂಪಿಸಿ 1939ರಲ್ಲಿ ಪ್ರಕಟಿಸಿದರು.

ವಿಧಾನ ಹೀಗಿದೆ: ಊರಾಚೆ ಕಂದಕ ತೋಡುವುದು. ಸುಮಾರು 15 ಸೆಂಟಿಮೀಟರ್ ದಪ್ಪಕ್ಕೆ ಬೀದಿಯ ಕಸ, ಅದರ ಮೇಲೆ ಸುಮಾರು 5 ಸೆಂಟಿಮೀಟರ್ ಮಲ, ಮತ್ತೆ ಕಸ. ಕೊನೆಗೆ ಕಸದಿಂದಲೂ ಮಣ್ಣಿನಿಂದಲೂ ಮುಚ್ಚುವುದು. ಮಗುಚುವ ಗೊಡವೆಯಿಲ್ಲ. ಮೊದಲ ಕೆಲವು ದಿನ ಗಾಳಿಯಿದ್ದಾಗ ರಾಶಿ ಕಾಯುತ್ತದೆ. ನೊಣದ ಮರಿಗಳೂ ರೋಗಾಣುಗಳೂ ಬಹುಮಟ್ಟಿಗೆ ಸಾಯುತ್ತವೆ. ಆಮೇಲೆ ಗಾಳಿಯಿಲ್ಲದೆ ನಿಧಾನವಾಗಿ ಕಳಿಯುತ್ತದೆ. 6ರಿಂದ 8 ತಿಂಗಳಿಗೆ ಗೊಬ್ಬರ ಸಿದ್ಧ. ಇಂದೂರು ಪದ್ಧತಿಗಿಂತ ನಿಧಾನ, ಜಾಗವೂ ಹೆಚ್ಚು ಬೇಕು. ಆದರೆ ಆಳಿನ ಖರ್ಚು ಕಡಿಮೆ, ಸಾರಜನಕದ ನಷ್ಟವೂ ಕಡಿಮೆ. ಇದೇ ಜಗತ್ತಿನ ಪಠ್ಯಗಳಲ್ಲಿ "ಬೆಂಗಳೂರು ಪದ್ಧತಿ" ಎಂದು ಹೆಸರಾಯಿತು.

ಎರಡನೆಯ ಮಹಾಯುದ್ಧದ ಕಾಲ ಅದು. 1943ರ ಬಂಗಾಳದ ಕ್ಷಾಮದಲ್ಲಿ ಲಕ್ಷಾಂತರ ಜನ ಸತ್ತರು. "ಹೆಚ್ಚು ಆಹಾರ ಬೆಳೆಯಿರಿ" ಎಂಬ ಕೂಗು ಎದ್ದಿತು. ಗೊಬ್ಬರವಿಲ್ಲದೆ ಆಹಾರ ಎಲ್ಲಿಂದ? ಪಟ್ಟಣಗಳ ಕಸದಿಂದ ಗೊಬ್ಬರ ಮಾಡುವ ಕಾರ್ಯಕ್ರಮಗಳು ದೇಶದಲ್ಲಿ ಹಬ್ಬಿದವು. 1947ರ ಡಿಸೆಂಬರಿನಲ್ಲಿ, ದೇಶವಿಭಜನೆಯ ಗಾಯ ಇನ್ನೂ ಹಸಿಯಾಗಿದ್ದಾಗಲೇ, ದೆಹಲಿಯಲ್ಲಿ ಅಖಿಲ ಭಾರತ ಕಾಂಪೋಸ್ಟ್ ಸಮ್ಮೇಳನ ನಡೆಯಿತು. ಮೀರಾಬೆನ್ ಅವರ ಕಲ್ಪನೆ ಅದು. ಅಧ್ಯಕ್ಷತೆ ಬಾಬು ರಾಜೇಂದ್ರ ಪ್ರಸಾದರದು. ಗಾಂಧೀಜಿ ತಮ್ಮ ಹರಿಜನ ಪತ್ರಿಕೆಯಲ್ಲಿ ಅದರ ಬಗ್ಗೆ ಬರೆದರು. ಅವರ ಬದುಕಿನಲ್ಲಿ ಆಗ ಉಳಿದಿದ್ದದ್ದು ಕೆಲವೇ ವಾರಗಳು. ದೇಶ ಕಟ್ಟುವ ದೊಡ್ಡ ಮಾತುಗಳ ನಡುವೆ ಗೊಬ್ಬರದ ಗುಂಡಿಯೂ ಅವರಿಗೆ ಅಷ್ಟೇ ಮುಖ್ಯವಾಗಿತ್ತು.

ಗುಂಡಿಯವರೆಗೆ ಹೊತ್ತವರು ಯಾರು?

ಇಲ್ಲಿ ಸ್ವಲ್ಪ ನಿಲ್ಲೋಣ. ಕಂದಕದಲ್ಲಿ 5 ಸೆಂಟಿಮೀಟರಿನ ಒಂದು ಪದರ ಎಂದು ಬರೆಯುವುದು ಸುಲಭ. ಆ ಪದರ ಅಲ್ಲಿಗೆ ತಾನಾಗಿ ಬರಲಿಲ್ಲ. ಮನುಷ್ಯರು ಅದನ್ನು ಕೈಯಿಂದ ಬಳಿದು, ಬುಟ್ಟಿಯಲ್ಲಿ, ಬಕೆಟ್ಟಿನಲ್ಲಿ ತುಂಬಿ, ತಲೆಯ ಮೇಲೆ ಹೊತ್ತು ತಂದರು. ಆ ಕೆಲಸವನ್ನು ಒಂದೇ ಕೆಲವು ಜಾತಿಗಳ ತಲೆಗೆ ಕಟ್ಟಲಾಗಿತ್ತು. ವಿಜ್ಞಾನದ ವರದಿಗಳಲ್ಲಿ ಕಸದ ತೂಕವಿದೆ, ಸಾರಜನಕದ ಶೇಕಡಾವಾರು ಇದೆ, ಹೊತ್ತವರ ಹೆಸರಿಲ್ಲ. ಬೆಂಗಳೂರು ಪದ್ಧತಿಯ ಬಗ್ಗೆ ಹೆಮ್ಮೆಪಡುವಾಗ ಇದನ್ನು ಮರೆತರೆ ಅದು ತಿಪ್ಪೆ ಸಾರಿಸುವ ಕೆಲಸವಾದೀತು.

1970ರ ದಶಕದ ಆರಂಭದಲ್ಲಿ ದೇವರಾಜ ಅರಸು ಅವರ ಸಂಪುಟದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಕರ್ನಾಟಕದಲ್ಲಿ ನಿಷೇಧಿಸಿದರು. ಅದೇ ದಶಕದಲ್ಲಿ ಐ. ಪಿ. ಡಿ. ಸಾಲಪ್ಪನವರ ಸಮಿತಿ ಪೌರಕಾರ್ಮಿಕರ ಬದುಕಿನ ಸ್ಥಿತಿಗತಿಗಳ ಬಗ್ಗೆ ವರದಿ ಸಲ್ಲಿಸಿತು. 1993ರಲ್ಲಿ, ಮತ್ತೆ 2013ರಲ್ಲಿ ಸಂಸತ್ತು ಮಲ ಹೊರುವ ಪದ್ಧತಿಯ ವಿರುದ್ಧ ಕಾಯಿದೆ ಮಾಡಿತು. ಆದರೂ 2010ರಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ತಮ್ಮ ಮೈಮೇಲೆ ತಾವೇ ಮಲ ಸುರಿದುಕೊಂಡು ಪ್ರತಿಭಟಿಸಬೇಕಾಯಿತು. ಕಾಯಿದೆಗೂ ಬದುಕಿಗೂ ನಡುವಿನ ದೂರವನ್ನು ಅದು ನಾಡಿಗೆ ತೋರಿಸಿತು.

ಕಸದ ವಿಷಯ ಮಾತನಾಡುವಾಗಲೆಲ್ಲ ಎರಡು ಪ್ರಶ್ನೆಗಳನ್ನು ಒಟ್ಟಿಗೇ ಕೇಳಬೇಕು. ಒಂದು, ಇದು ಎಲ್ಲಿಗೆ ಹೋಗುತ್ತದೆ? ಇನ್ನೊಂದು, ಯಾರ ಕೈ ಇದನ್ನು ಮುಟ್ಟುತ್ತದೆ?

ಯಂತ್ರ ಬಂತು, ಗಾಜೂ ಬಂತು

ಸ್ವಾತಂತ್ರ್ಯಾನಂತರ ಮೂರು ಬದಲಾವಣೆಗಳಾದವು. ಮೊದಲನೆಯದಾಗಿ, ಚೀಲದಲ್ಲಿ ಬರುವ ರಾಸಾಯನಿಕ ಗೊಬ್ಬರ ರೈತನಿಗೆ ಸುಲಭವಾಗಿ ಸಿಕ್ಕಿತು. ಪಟ್ಟಣದ ಗೊಬ್ಬರಕ್ಕಾಗಿ ಗಾಡಿ ಕಟ್ಟಿಕೊಂಡು ಬರುವವರು ಕಡಿಮೆಯಾದರು. ಎರಡನೆಯದಾಗಿ, ಒಳಚರಂಡಿ ಬಂದಂತೆ ಮಲ ಕಸದಿಂದ ಬೇರೆಯಾಯಿತು. ಇದು ಒಳ್ಳೆಯದೇ ಆಯಿತು. ಮೂರನೆಯದಾಗಿ, ಕಸದ ಸ್ವರೂಪವೇ ಬದಲಾಯಿತು.

1970ರ ದಶಕದ ಮಧ್ಯದಲ್ಲಿ ಕೇಂದ್ರ ಸರ್ಕಾರ ದೊಡ್ಡ ನಗರಗಳಲ್ಲಿ ಯಾಂತ್ರಿಕ ಕಾಂಪೋಸ್ಟ್ ಘಟಕಗಳನ್ನು ಸ್ಥಾಪಿಸುವ ಯೋಜನೆ ಹಾಕಿಕೊಂಡಿತು. 1975ರಲ್ಲಿ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮ ಹುಟ್ಟಿತು. ಬೆಂಗಳೂರಿನ ಆಗ್ನೇಯಕ್ಕೆ, ಕೂಡ್ಲು ಬಳಿ ಅದರ ಘಟಕ ನೆಲೆಗೊಂಡಿತು. ಆದರೆ ದೇಶದಾದ್ಯಂತ ಇಂಥ ಬಹುತೇಕ ಘಟಕಗಳು ಕೆಲವೇ ವರ್ಷಗಳಲ್ಲಿ ಬಾಗಿಲು ಹಾಕಿದವು. ಕಾರಣ ಯಂತ್ರದಲ್ಲಿರಲಿಲ್ಲ, ಯಂತ್ರಕ್ಕೆ ಬಂದ ಕಸದಲ್ಲಿತ್ತು. ಬಾಳೆಸಿಪ್ಪೆಯ ಜೊತೆ ಒಡೆದ ಬಾಟಲಿ, ತರಗೆಲೆಯ ಜೊತೆ ಪ್ಲಾಸ್ಟಿಕ್, ಬ್ಯಾಟರಿ ಸೆಲ್ಲು, ಬ್ಲೇಡು. ಎಲ್ಲವೂ ಒಂದೇ ತೊಟ್ಟಿಯಿಂದ, ಒಂದೇ ಲಾರಿಯಲ್ಲಿ. ಗಾಜಿನ ಚೂರಿರುವ ಗೊಬ್ಬರವನ್ನು ಬರಿಗಾಲಿನಲ್ಲಿ ಗದ್ದೆಗಿಳಿಯುವ ರೈತ ಏಕೆ ಕೊಂಡಾನು?

ನಮ್ಮ ಚರಿತ್ರೆಯ ತಿರುವು ಇಲ್ಲಿದೆ. ಹೋವರ್ಡ್ ಅವರಿಗೂ ಆಚಾರ್ಯರಿಗೂ ಕಸವನ್ನು ಬೇರೆ ಮಾಡಿಸುವ ಚಿಂತೆ ಅಷ್ಟಾಗಿ ಇರಲಿಲ್ಲ. ಅಂದಿನ ಕಸದ ಬಹುಪಾಲು ಮಣ್ಣಿನಿಂದ ಬಂದದ್ದು, ಮಣ್ಣಿಗೆ ಹೋಗಬಲ್ಲದ್ದು. ವಿಜ್ಞಾನ ಬದಲಾಗಲಿಲ್ಲ, ನಮ್ಮ ತೊಟ್ಟಿ ಬದಲಾಯಿತು.

ನ್ಯಾಯಾಲಯದ ಮೆಟ್ಟಿಲು

1994ರಲ್ಲಿ ಸೂರತ್ತಿನಲ್ಲಿ ಪ್ಲೇಗ್ ಕಾಣಿಸಿಕೊಂಡು ದೇಶವೇ ಬೆಚ್ಚಿತು. ಕೊಳೆತು ನಾರುವ ಬೀದಿಗಳ ಕಡೆ ಎಲ್ಲರ ಕಣ್ಣು ಹೊರಳಿತು. 1996ರಲ್ಲಿ ಬೆಂಗಳೂರಿನ ಇಂಜಿನಿಯರ್ ಅಲ್ಮಿತ್ರಾ ಪಟೇಲ್ ನಗರಗಳ ಕಸದ ವಿಷಯವಾಗಿ ಸುಪ್ರೀಂ ಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದರು. ಅದರ ಫಲವಾಗಿ 2000ದಲ್ಲಿ ನಗರಗಳ ಘನತ್ಯಾಜ್ಯ ನಿರ್ವಹಣೆಗೆ ರಾಷ್ಟ್ರಮಟ್ಟದ ನಿಯಮಗಳು ಬಂದವು. ಬೆಂಗಳೂರಿನಲ್ಲಿ ಆ ಹೊತ್ತಿಗೆ "ಸ್ವಚ್ಛ ಬೆಂಗಳೂರು" ಯೋಜನೆಯಡಿ ಮನೆ ಬಾಗಿಲಿಗೆ ತಳ್ಳುಗಾಡಿ ಬಂದು ಕಸ ಒಯ್ಯುವ ವ್ಯವಸ್ಥೆ ಶುರುವಾಯಿತು. ಬೀದಿ ತೊಟ್ಟಿಗಳು ಮರೆಯಾದವು.

ಬೀದಿ ಚೊಕ್ಕಟವಾಯಿತು, ಸರಿ. ಕಸ ಎಲ್ಲಿಗೆ ಹೋಯಿತು? ಮಾವಳ್ಳಿಪುರಕ್ಕೆ, ಮಂಡೂರಿಗೆ. ನಗರದ ಹೊರಗಿನ ಈ ಹಳ್ಳಿಗಳ ಪಕ್ಕದಲ್ಲಿ ಕಸದ ಗುಡ್ಡಗಳು ಎದ್ದವು. ಅವುಗಳಿಂದ ಸೋರುವ ಕಪ್ಪು ನೀರು, ನಾತ, ನೊಣ, ನಾಯಿಗಳ ಕಾಟ ಹಳ್ಳಿಯವರ ಪಾಲಿಗೆ ಬಂದವು. 2012ರಲ್ಲಿ ಮಾವಳ್ಳಿಪುರದ ಬಾಗಿಲು ಮುಚ್ಚಿದಾಗ ಬೆಂಗಳೂರಿನ ಬೀದಿಗಳಲ್ಲಿ ಕಸ ರಾಶಿ ಬಿತ್ತು. ಮಂಡೂರಿನ ಜನ ದಾರಿಗಿಳಿದು ಹೋರಾಡಿದ ಮೇಲೆ 2014ರ ಕೊನೆಗೆ ಅಲ್ಲಿಗೆ ಕಸ ಹೋಗುವುದೂ ನಿಂತಿತು. ಒಬ್ಬರ ಅಂಗಳ ಗುಡಿಸಿ ಇನ್ನೊಬ್ಬರ ಬಾವಿಗೆ ಸುರಿಯುವುದು ಸ್ವಚ್ಛತೆಯಲ್ಲ ಎಂಬ ಪಾಠವನ್ನು ರಾಜಧಾನಿಗೆ ಕಲಿಸಿದವರು ಈ ಹಳ್ಳಿಗಳ ಜನ.

ಎರಡು ಬುಟ್ಟಿ, ಒಂದು ಚೀಲ

ಆಗ ನಗರ ಮೊದಲ ಪಾಠಕ್ಕೆ ಮರಳಿತು: ಬೆರೆಸಬೇಡಿ. 2012ರ ಅಕ್ಟೋಬರಿನಿಂದ ಮನೆಯಲ್ಲೇ ಕಸ ಬೇರೆ ಮಾಡುವುದನ್ನು ಕಡ್ಡಾಯ ಮಾಡಲಾಯಿತು. 2015ರ ಡಿಸೆಂಬರಿನಲ್ಲಿ ಹೈಕೋರ್ಟು ಬೆಂಗಳೂರಿಗೆ "ಎರಡು ಬುಟ್ಟಿ, ಒಂದು ಚೀಲ" ಎಂಬ ಕ್ರಮವನ್ನು ವಿಧಿಸಿತು. ಹಸಿರು ಬುಟ್ಟಿಯಲ್ಲಿ ಅಡಿಗೆಮನೆಯ ಹಸಿ ಕಸ, ಕೆಂಪು ಬುಟ್ಟಿಯಲ್ಲಿ ಮರುಬಳಕೆಗೆ ಬಾರದ, ಆರೋಗ್ಯಕ್ಕೆ ಅಪಾಯಕರವಾದ ಕಸ, ಚೀಲದಲ್ಲಿ ಕಾಗದ, ಪ್ಲಾಸ್ಟಿಕ್, ಲೋಹದಂಥ ಒಣ ಕಸ.

ಒಣ ಕಸದ ಕಥೆಯಲ್ಲೂ ನಾವು ಮರೆತವರಿದ್ದಾರೆ. ಹಳೆ ಪೇಪರಿನವನು, ಗುಜರಿ ಅಂಗಡಿಯವನು, ಹೆಗಲಿಗೆ ಗೋಣಿಚೀಲ ಹಾಕಿಕೊಂಡು ಚಿಂದಿ ಆಯುವ ಹೆಂಗಸರು, ಮಕ್ಕಳು. "ಮರುಬಳಕೆ" ಎಂಬ ಮಾತು ಪಠ್ಯಪುಸ್ತಕಕ್ಕೆ ಬರುವ ಮೊದಲೇ ಇವರು ಅದನ್ನು ಮಾಡುತ್ತಿದ್ದರು. ಪ್ರತಿಯಾಗಿ ಅವರಿಗೆ ಸಿಗುತ್ತಿದ್ದದ್ದು ಕಳ್ಳರೆಂಬ ಅನುಮಾನ. 2011ರಲ್ಲಿ ಬೆಂಗಳೂರಿನ ಪಾಲಿಕೆ ಇವರಿಗೆ ಗುರುತಿನ ಚೀಟಿ ಕೊಡಲು ಆರಂಭಿಸಿತು. ಮುಂದೆ ವಾರ್ಡುಗಳಲ್ಲಿ ತೆರೆದ ಒಣ ಕಸ ಸಂಗ್ರಹ ಕೇಂದ್ರಗಳಲ್ಲಿ ಹಲವನ್ನು ನಡೆಸಿದವರು ಹಿಂದೆ ಚಿಂದಿ ಆಯುತ್ತಿದ್ದವರೇ.

ಇಷ್ಟಾದರೂ ನಮ್ಮ ತರಗೆಲೆ ಎಲ್ಲಿಯೂ ಸೇರಲಿಲ್ಲ ನೋಡಿ! ಅದು ಹಸಿ ಕಸವಲ್ಲ. ಚೀಲದ ಒಣ ಕಸವೂ ಅಲ್ಲ. ಬೇಸಿಗೆಯ ಆರಂಭದಲ್ಲಿ ಒಂದೇ ಸಲಕ್ಕೆ ಬೀಳುವ ಅದರ ರಾಶಿ ಗಾಡಿಯಲ್ಲಿ ಹಿಡಿಸುವುದಿಲ್ಲ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಇದನ್ನು ಗುರುತಿಸಿದವು. ಕೈತೋಟದ ಕಸವನ್ನು ಮನೆಯ ಆವರಣದಲ್ಲೇ ಪ್ರತ್ಯೇಕವಾಗಿಟ್ಟು ಸ್ಥಳೀಯ ಸಂಸ್ಥೆಯ ನಿರ್ದೇಶನದಂತೆ ವಿಲೇವಾರಿ ಮಾಡಬೇಕೆಂದವು. ಕಸವನ್ನು ಬೀದಿಯಲ್ಲಿ ಎಸೆಯುವುದು, ಸುಡುವುದು, ಹೂಳುವುದು ಕೂಡದೆಂದವು. ಅದೇ ವರ್ಷದ ಡಿಸೆಂಬರಿನಲ್ಲಿ, ಅಲ್ಮಿತ್ರಾ ಪಟೇಲ್ ಅವರ ಪ್ರಕರಣದಲ್ಲಿಯೇ, ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಬಯಲಿನಲ್ಲಿ ಕಸ ಸುಟ್ಟರೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ದಂಡವೆಂದು ಆದೇಶಿಸಿತು. ಕೌಟಿಲ್ಯನ ಎಂಟನೆಯ ಒಂದು ಪಣ ಎಲ್ಲಿಗೆ ಬಂದು ನಿಂತಿತು ಎಂಬುದನ್ನು ಗಮನಿಸಿ. ದಂಡ ಏರಿದೆ, ಚಟ ಹೋಗಿಲ್ಲ.

ಎಲೆಯ ಲೆಕ್ಕ

ಈಗ ಸ್ವಲ್ಪ ವಿಜ್ಞಾನ. ಗೊಬ್ಬರ ಮಾಡುವ ಸೂಕ್ಷ್ಮಜೀವಿಗಳಿಗೆ ಇಂಗಾಲವೂ ಬೇಕು, ಸಾರಜನಕವೂ ಬೇಕು. ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲವಿದ್ದರೆ ಅವುಗಳಿಗೆ ಹಬ್ಬದೂಟ. ಒಣ ಎಲೆಯಲ್ಲಿ ಇಂಗಾಲ ಅದಕ್ಕಿಂತ ಬಹಳ ಹೆಚ್ಚು. ಆದ್ದರಿಂದ ಬರಿಯ ಎಲೆ ನಿಧಾನವಾಗಿ ಕಳಿಯುತ್ತದೆ. ತರಕಾರಿ ಸಿಪ್ಪೆಯಂಥ ಹಸಿ ಕಸದಲ್ಲಿ ಸಾರಜನಕ ಹೆಚ್ಚು, ನೀರೂ ಹೆಚ್ಚು. ಆದ್ದರಿಂದ ಅದೊಂದೇ ಇದ್ದರೆ ಕೊಳೆತು ನಾರುತ್ತದೆ. ಎರಡನ್ನೂ ಪದರಪದರವಾಗಿ ಸೇರಿಸಿದರೆ? ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಇಂದೂರಿನ ಗುಂಡಿಯಲ್ಲಿ ಸಗಣಿ ಮಾಡಿದ ಕೆಲಸವನ್ನು ನಿಮ್ಮ ಮನೆಯಲ್ಲಿ ಅಡಿಗೆಮನೆಯ ಸಿಪ್ಪೆ ಮಾಡುತ್ತದೆ. ಎಲೆಯನ್ನು ಸುಟ್ಟರೆ ಆ ಇಂಗಾಲ, ಸಾರಜನಕಗಳು ಹೊಗೆಯಾಗಿ ಹೋಗುತ್ತವೆ. ಆ ಹೊಗೆಯ ಸೂಕ್ಷ್ಮಕಣಗಳು ಪಕ್ಕದ ಮನೆಯ ಉಬ್ಬಸದ ಅಜ್ಜಿಯ ಶ್ವಾಸಕೋಶ ಸೇರುತ್ತವೆ.

ಬೆಂಗಳೂರಿನ ಬೀದಿಗಳಲ್ಲಿ ಈ ಎಲೆ ಇಷ್ಟೊಂದು ಬೀಳುವುದಕ್ಕೂ ಚರಿತ್ರೆಯೇ ಕಾರಣ. 1908ರಲ್ಲಿ ಲಾಲ್‌ಬಾಗಿನ ಹೊಣೆ ಹೊತ್ತ ಜರ್ಮನ್ ತೋಟಗಾರಿಕಾ ತಜ್ಞ ಕ್ರುಂಬಿಗಲ್, ವರ್ಷವಿಡೀ ಒಂದಲ್ಲ ಒಂದು ಮರ ಹೂ ಬಿಡುವಂತೆ ಬೀದಿಗಳಿಗೆ ಮರಗಳನ್ನು ಆರಿಸಿದರು. ಆ ಹೂವಿನ ಫೋಟೋ ತೆಗೆಯುವ ನಾವು ಎಲೆಯ ಹೊಣೆಯನ್ನೂ ಹೊರಬೇಕಲ್ಲವೇ?

ಮಾಡಿ ನೋಡಿ

ನಿಮ್ಮ ಶಾಲೆ ಅಥವಾ ಕಾಲೇಜಿನ ಅಂಗಳದಲ್ಲಿ ಒಂದು ಮರವಿದ್ದರೆ ಇಷ್ಟು ಸಾಕು:

1. ಸುಮಾರು ಮೂರು ಅಡಿ ಅಗಲ, ಮೂರು ಅಡಿ ಎತ್ತರಕ್ಕೆ ತಂತಿಜಾಲರಿಯನ್ನು ಸುತ್ತಿ ನೆಲದ ಮೇಲೆ ನಿಲ್ಲಿಸಿ. ಅರ್ಧ ಅಡಿ ಎಲೆ, ಅದರ ಮೇಲೆ ಸಗಣಿ ಬಗ್ಗಡ ಅಥವಾ ತರಕಾರಿ ಸಿಪ್ಪೆ, ತೆಳುವಾಗಿ ಮಣ್ಣು. ಹೀಗೆ ತುಂಬುತ್ತ ಬನ್ನಿ. ಹಿಂಡಿದ ಬಟ್ಟೆಯಷ್ಟು ತೇವ ಇರಲಿ.

2. ನಾಲ್ಕೈದು ದಿನಗಳ ನಂತರ ರಾಶಿಯ ನಡುವೆ ಥರ್ಮಾಮೀಟರ್ ಇಟ್ಟು ಶಾಖವನ್ನು ದಿನವೂ ಬರೆದಿಡಿ. ಹದಿನೈದು ದಿನಕ್ಕೊಮ್ಮೆ ಮಗುಚಿ. ಶಾಖ ಏರಿ ಇಳಿಯುವ ರೇಖಾಚಿತ್ರ ಬರೆಯಿರಿ. ಅದೇ ಹೊತ್ತಿಗೆ ಬರಿಯ ಎಲೆಯ ಇನ್ನೊಂದು ಪುಟ್ಟ ರಾಶಿ ಮಾಡಿ, ಎರಡನ್ನೂ ಹೋಲಿಸಿ.

3. ನಿಮ್ಮ ಊರಿನ ಹಿರಿಯರನ್ನು ಕೇಳಿ: ಅವರ ಬಾಲ್ಯದಲ್ಲಿ ಉದುರಿದ ಎಲೆಗೆ ಏನೆನ್ನುತ್ತಿದ್ದರು, ಅದನ್ನು ಎಲ್ಲಿ ಹಾಕುತ್ತಿದ್ದರು? ಉತ್ತರಗಳನ್ನು ಅವರದೇ ಮಾತುಗಳಲ್ಲಿ ಬರೆದುಕೊಳ್ಳಿ.

4. ನಿಮ್ಮ ಬೀದಿ ಗುಡಿಸುವ ಪೌರಕಾರ್ಮಿಕರನ್ನು, ಒಣ ಕಸ ಬೇರ್ಪಡಿಸುವವರನ್ನು ಅವರ ಬಿಡುವಿನ ಹೊತ್ತಿನಲ್ಲಿ ಮಾತನಾಡಿಸಿ. ನಿಮ್ಮ ಮನೆಯ ಕಸದಲ್ಲಿ ಅವರ ಕೈಗೆ ಗಾಯ ಮಾಡುವಂಥದ್ದು ಏನಿದೆ ಎಂದು ಕೇಳಿ. ಒಡೆದ ಗಾಜನ್ನು ದಪ್ಪ ಕಾಗದದಲ್ಲಿ ಸುತ್ತಿ ಬೇರೆಯಾಗಿ ಕೊಡುವುದನ್ನು ಅಂದೇ ಶುರುಮಾಡಿ.

ಮುಂದಿನ ಮಳೆಗಾಲಕ್ಕೆ ಆ ಜಾಲರಿಯ ಬುಡದಿಂದ ಒಂದು ಹಿಡಿ ಕಪ್ಪು ಗೊಬ್ಬರ ತೆಗೆದು ಮೂಸಿ ನೋಡಿ. ಮೊದಲ ಮಳೆ ಬಿದ್ದ ಮಣ್ಣಿನ ವಾಸನೆ ಬಂದರೆ ನಿಮ್ಮ ಪ್ರಯೋಗ ಗೆದ್ದಿತೆಂದು ತಿಳಿಯಿರಿ. ಅದನ್ನು ಎಲೆ ಉದುರಿಸಿದ ಆ ಮರದ ಬುಡಕ್ಕೇ ಹಾಕಿ.